ಗುಡಿಗಾರರ ಮನೆಯ ಗಂಧದ ಕಪಾಟು

ನಮ್ಮ ಪೂರ್ವಿಕರ ಮನೆಗಳಲ್ಲಿ ಕಪಾಟೆಂಬುದು ಇರಲಿಲ್ಲ. ಗೋಡೆಯ ದಪ್ಪದೊಳಗೆ ಬಿಟ್ಟ ಗೂಡು, ದೀಪಕ್ಕೊಂದು ಮಾಡ, ಒಡವೆ ವಸ್ತ್ರಗಳಿಗೆ ಹಿತ್ತಾಳೆಯ ಪಟ್ಟಿ ಬಡಿದ ಪೆಟ್ಟಿಗೆ, ಬತ್ತಕ್ಕೆ ಕಣಜ, ಇಷ್ಟರಿಂದಲೇ ಗೃಹಸ್ಥನ ಸಂಗ್ರಹಕಾರ್ಯವೆಲ್ಲ ನೆರವೇರುತ್ತಿದ್ದಿತು. ಕಾಲುಗಳ ಮೇಲೆ ನೆಟ್ಟಗೆ ನಿಂತು, ಕದ ತೆರೆದೊಡನೆ ಒಳಗಿನ ಸಣ್ಣ ಸಣ್ಣ ಖಾನೆಗಳನ್ನು ತೋರುವ ಕಪಾಟು ಐರೋಪ್ಯರ ಸಂಗಡ ನಮ್ಮಲ್ಲಿಗೆ ಬಂದ ವಸ್ತು. ಹೀಗಿದ್ದೂ 19ನೆಯ ಶತಮಾನದಲ್ಲಿ ಮೈಸೂರು ಸೀಮೆಯ ಮತ್ತು ಕನ್ನಡ ಜಿಲ್ಲೆಯ ಕೈಗೆಲಸಕ್ಕೆ ದೇಶಾಂತರಗಳಲ್ಲಿ ಕೀರ್ತಿಯನ್ನು ತಂದ ಕೃತಿಗಳಲ್ಲಿ ಶ್ರೀಗಂಧದ ಕೆತ್ತನೆಯ ಕಪಾಟೂ ಒಂದು. ಮತ್ತು ಅದನ್ನು ಕಲ್ಪಿಸಿ, ಕಡೆದು, ಕೂಡಿಸಿ ನಿಲ್ಲಿಸಿದವರು ಅಂಥ ಕಪಾಟನ್ನು ತಮ್ಮ ಮನೆಯಲ್ಲಿ ಎಂದೂ ಇಟ್ಟುಕೊಳ್ಳದಿದ್ದ ಗುಡಿಗಾರರು.

ಘಟ್ಟದ ಮೇಲೆ ಸಾಗರ, ಸೊರಬ, ಸಿರಸಿ, ಸಿದ್ದಾಪುರ, ಘಟ್ಟದ ಕೆಳಗೆ ಕುಮಟಾ, ಹೊನ್ನಾವರ, ಈ ಊರುಗಳಲ್ಲಿ ನೆಲೆನಿಂತ ಗುಡಿಗಾರರು ಪೋರ್ಚುಗೀಸರ ಉಪದ್ರವಕ್ಕೆ ಸಿಕ್ಕಿ ಗೋವೆಯ ಕಡೆಯಿಂದ ಬಂದವರೆಂದು ಅವರಲ್ಲಿ ಪರಂಪರೆಯಾಗಿ ನಡೆದುಬಂದ ಹೇಳಿಕೆ. ಮೊದಲಿನಿಂದಲೂ ಅವರ ಕೈ ದೇವಸ್ಥಾನಕ್ಕೂ ಮದುವೆಯ ಮನೆಗೂ ಮೀಸಲಾಗಿದ್ದಿತು: ತೇರಿನ ಗೊಂಬೆಗಳು, ಉತ್ಸವದ ವಾಹನಗಳು, ಚೌತಿಯ ಮಣ್ಣಿನ ಗಣಪತಿ, ನೀರಿನಲ್ಲಿ ಬೆಳೆಯುವ ಬೆಂಡನ್ನು ಸೀಳಿ ಹೂವಾಗಿಸಿ ಕಟ್ಟಿದ ಬಾಸಿಂಗ. ಮೃದುವಾದ ಬೆಂಡನ್ನೂ ಕಠಿನವಾದ ಗಂಧವನ್ನೂ ಒಂದೇ ಮನೆತನದ ಕೈಗಳು ಸಮಾನ ಸಲುಗೆಯಿಂದ ಬಳಸುತ್ತ ಬಂದುದು ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ಏಕೆಂದರೆ ಬೆಂಡಿನ ಕೆಲಸದಲ್ಲಿ ಬೆರಳಿಗೆ ಅಭ್ಯಾಸವಾದ ಹೂ, ಎಸಳು, ಬಳ್ಳಿಗಳೇ ಗಂಧದ ಕೆತ್ತನೆಯಲ್ಲಿಯೂ ಮತ್ತೆ ಮತ್ತೆ ತಲೆಯೆತ್ತುತ್ತವೆ. ಸಾಗರದ ನೆರೆಯಲ್ಲಿಯೇ ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ ವೀರಭದ್ರರ ಗುಡಿಗಳಿವೆ. ಕೆಳದಿಯ ಮರದ ಕಂಬಗಳನ್ನೂ ಛತ್ತಿನಲ್ಲಿ ಕಡೆದ ಗಂಡಭೇರುಂಡವನ್ನೂ ಕಣ್ತುಂಬ ನೋಡಿದವನಿಗೆ, ಅಂಥ ನೆರೆಹೊರೆಯಲ್ಲಿ ಬೆಳೆದ ಕುಶಲಕರ್ಮಿಗೆ ಮಾದರಿಗಳ ಅಭಾವವೆಂಬುದು ಎಂದೂ ಇರಲಾರದೆಂದು ಹೊಳೆಯದೆ ಇರದು.

ಆಂಗ್ಲ ಅಧಿಕಾರಿಗಳು ಈ ಕೈಗಳನ್ನು ಕಂಡುಕೊಂಡ ಮೇಲೆ ಬೇಡಿಕೆಯ ಸ್ವರೂಪವೇ ಬದಲಾಯಿತು. ಬರೆಯುವ ಮೇಜಿನ ಪೆಟ್ಟಿಗೆ, ಹೊಲಿಗೆಯ ಸಾಮಾನಿನ ಕರಡಿಗೆ, ಬಿನ್ನವತ್ತಳೆಯನ್ನಿಟ್ಟು ಒಪ್ಪಿಸುವ ಸಂಪುಟ, ಕಡೆಗೆ ಆಳೆತ್ತರದ ಕಪಾಟು, ಹೀಗೆ ಒಂದರ ಹಿಂದೊಂದು ಹೊಸ ಆಕಾರಗಳು ಗುಡಿಗಾರನ ಜಗಲಿಗೆ ಬಂದುವು. ವಸ್ತುಪ್ರದರ್ಶನಗಳ ಆ ಯುಗದಲ್ಲಿ ಲಂಡನ್ನಿನಿಂದ ಮೊದಲುಗೊಂಡು 1902-03ರ ದೆಹಲಿಯ ಪ್ರದರ್ಶನದವರೆಗೆ ಗಂಧದ ಕೆತ್ತನೆ ಭರತಖಂಡದ ಶ್ರೇಷ್ಠ ಕಲಾವಸ್ತುಗಳ ಸಾಲಿನಲ್ಲಿ ಪರಿಗಣಿತವಾಯಿತು.

ಆಕಾರವು ಪರಕೀಯವಾದರೂ ಅದರ ವಿನ್ಯಾಸವನ್ನು ನಿರ್ಣಯಿಸಿದುದು ನಮ್ಮ ಮರದ ಸ್ವಭಾವ. ಗಂಧವು ಮಹಾವೃಕ್ಷವಲ್ಲ, ಅನ್ಯವೃಕ್ಷಗಳ ಬೇರಿಗೆ ತನ್ನ ಬೇರನ್ನು ತಗುಲಿಸಿ ಆಹಾರವನ್ನು ಹೀರುತ್ತ ನಿಧಾನವಾಗಿ ಬೆಳೆಯುವ ಮರ. ಹೊರಗಿನ ಬಿಳಿಯ ಭಾಗಕ್ಕೆ ಪರಿಮಳವಿಲ್ಲ. ದಶಕಗಳು ಕಳೆದ ಮೇಲೆ ಬಲಿಯುವ ಒಳಗಿನ ಚೇಗಿನಲ್ಲಿಯೇ ಎಣ್ಣೆ, ಬಣ್ಣ, ಬೆಲೆ ಎಲ್ಲವೂ ಅಡಗಿರುವುವು. ಬೇರಿನಲ್ಲಿಯೂ ಎಣ್ಣೆಯಿರುವುದರಿಂದ ಮರವನ್ನು ಕಡಿಯದೆ ಬುಡಸಹಿತ ಅಗೆದು ತೆಗೆಯುವುದೇ ಪದ್ಧತಿ. ಇಂಥ ಮರದಿಂದ ಅಗಲವಾದ ಹಲಗೆ ದೊರೆಯುವುದು ದುರ್ಲಭ. ಆದಕಾರಣ ಕಪಾಟಿನ ಮುಖವನ್ನು ಕಿರಿದಾದ ಅಂಕಣಗಳಾಗಿ ವಿಭಜಿಸಿ, ಒಂದೊಂದು ಅಂಕಣಕ್ಕೂ ಒಂದೊಂದು ಚೌಕಟ್ಟನ್ನು ಕೊಟ್ಟು, ಚೌಕಟ್ಟುಗಳ ಕೂಡುಗೆರೆ ಕಣ್ಣಿಗೆ ಬೀಳದಂತೆ ಅದರ ಮೇಲೆ ಬಳ್ಳಿಯನ್ನು ಹಾಯಿಸುವುದು ಅನಿವಾರ್ಯವಾಯಿತು. ಕೊರತೆಯೇ ಇಲ್ಲಿ ಕಲೆಯ ಕ್ರಮವಾಗಿ ಪರಿಣಮಿಸಿದ ಬಗೆಯನ್ನು ಎಷ್ಟು ಕೊಂಡಾಡಿದರೂ ಸಾಲದು.

ಕೆಲಸ ನಡೆಯುತ್ತಿದ್ದುದು ಮನೆಯಲ್ಲಿ. ಗರಗಸದಿಂದ ಸೀಳಿ, ಉಜ್ಜುಗೊರಡಿನಿಂದ ನಯಮಾಡಿದ ಹಲಗೆಯ ಮೇಲೆ ಚಿತ್ರ ಬರೆದ ಬಿಳಿಯ ಕಾಗದವನ್ನು ಅಂಟಿಸಿ, ಅಥವಾ ಮೈಗೆ ತೆಳುವಾಗಿ ಬಿಳಿ ಬಳಿದು ಅದರ ಮೇಲೆಯೇ ನೇರವಾಗಿ ಗೆರೆಯೆಳೆದು, ಮೊನಚಾದ ಸಣ್ಣ ಉಳಿಯಿಂದ ರೇಖೆಗಳನ್ನು ಕೊರೆಯುವರು. ಬಳಿಕ ಚಿತ್ರದ ಸುತ್ತಲಿನ ನೆಲವನ್ನು ತಗ್ಗಿಸುವ ಕೆಲಸ. ನೆಲ ತಗ್ಗಿದಷ್ಟೂ ಮೂರ್ತಿ ಮೇಲೇಳುತ್ತದೆ. ಬಗೆಬಗೆಯ ಅಳತೆಯ ಉಳಿಗಳು, ಮರದ ಕೊಡತಿ, ಸಾಣೆಕಲ್ಲು, ಇವಿಷ್ಟೇ ಸಲಕರಣೆ. ಗಂಧದ ಎಳೆ ದಟ್ಟವೂ ಸಮವೂ ಆದುದರಿಂದ ಅದು ದಂತದಂತೆ ಅತಿಸೂಕ್ಷ್ಮವಾದ ಗೆರೆಯನ್ನೂ ಸಹಿಸಿಕೊಳ್ಳುತ್ತದೆ. ಅಂತ್ಯದಲ್ಲಿ ಒರಟಾದ ಗರಗತ್ತಿಯ ಎಲೆಯಿಂದ ಉಜ್ಜಿದರೆ ಮೈ ತಾನಾಗಿ ಹೊಳಪೇರುವುದು. ಅರಗನ್ನೋ ಮೆರುಗೆಣ್ಣೆಯನ್ನೋ ಬಳಿದು ಪರಿಮಳವನ್ನು ಒಳಗೆ ಬಂಧಿಸುವುದನ್ನು ಬಲ್ಲವರು ಒಪ್ಪರು. ಉದುರಿದ ಚಕ್ಕೆ ಪುಡಿಗಳೂ ವ್ಯರ್ಥವಲ್ಲ. ಧೂಪಕ್ಕೆ ಅವುಗಳಿಗೆ ಬೆಲೆಯುಂಟು.

ಮೈಸೂರಿನ ಗೆಜೆಟಿಯರನ್ನು ರಚಿಸಿದ ಬಿ. ಎಲ್. ರೈಸ್ ಮಹಾಶಯರು ಈ ಕೆಲಸವನ್ನು ಸಾವಧಾನವಾಗಿ ವರ್ಣಿಸಿದ್ದಾರೆ. ಒಂದು ಮೇಜೋ ಕಪಾಟೋ ಮುಗಿಯಬೇಕಾದರೆ ಅನೇಕ ತಿಂಗಳುಗಳ ಶ್ರಮ ಬೇಕಾಗುವುದೆಂದೂ, ಕೆಲಸದ ಸೂಕ್ಷ್ಮತೆಯಿಂದ ಈ ಶಿಲ್ಪಿಗಳು ಅಕಾಲದಲ್ಲಿಯೇ ದೃಷ್ಟಿಯನ್ನು ಕಳೆದುಕೊಳ್ಳುವರೆಂಬ ಮಾತಿದೆಯೆಂದೂ ಅವರು ಹೇಳಿದ್ದಾರೆ. ಪರದೇಶದ ಶ್ರೀಮಂತನ ದಿವಾನಖಾನೆಯಲ್ಲಿ ನಿಂತಿರುವ ಒಂದೊಂದು ಕಪಾಟಿಗೂ ಹೀಗೆ ಒಬ್ಬ ಮನುಷ್ಯನ ಕಣ್ಣಿನ ಬೆಳಕಿನಲ್ಲಿ ಒಂದು ಪಾಲು ವ್ಯಯವಾಗಿದೆಯೆಂಬುದನ್ನು ನೆನೆದಾಗ ಆ ಸೌಂದರ್ಯವನ್ನು ಹಗುರವಾಗಿ ನೋಡಲು ಮನಸ್ಸು ಬಾರದು.

ಎಲೆಬಳ್ಳಿಗಳ ಜಟಿಲವಾದ ಹೆಣಿಗೆ, ಅದರ ನಡುವೆ ಮಂಡಲಾಕಾರದಲ್ಲಿ ದೇವತೆಯ ಮೂರ್ತಿ ಅಥವಾ ಪುರಾಣದ ಪ್ರಸಂಗ, ಅಲ್ಲಲ್ಲಿ ಮೃಗಪಕ್ಷಿಗಳು, ಎಳ್ಳುಕಾಳಿನಷ್ಟೂ ಬರಿದಾಗಿ ಉಳಿಯದ ಮೈ, ಇದು ಗುಡಿಗಾರರ ವಿನ್ಯಾಸದ ಲಕ್ಷಣ. ರೈಸರು ಇದನ್ನು ಮೆಚ್ಚುತ್ತಲೇ, ಬಿಡಿಬಿಡಿಯಾಗಿ ನೋಡಿದರೆ ಈ ಅಂಶಗಳಲ್ಲಿ ಪರಸ್ಪರ ಹೊಂದಿಕೆ ಕಡಮೆಯೆಂಬ ಭಾವವನ್ನೂ ಸೂಚಿಸಿದ್ದಾರೆ. ಈ ಅಭಿಪ್ರಾಯವನ್ನು ನಾನು ಒಪ್ಪಲಾರೆ. ದೇವಾಲಯದ ಬಾಗಿಲವಾಡವನ್ನು ನೋಡಿದವರಿಗೆ ಲತೆಯ ಸುರುಳಿಯೊಳಗಿಂದ ಹಂಸ ಹೊರಡುವುದೂ, ಮಕರದ ಬಾಯಿಂದ ತೋರಣ ಹೊರಹೊಮ್ಮುವುದೂ, ಮೇಲೆ ಕೀರ್ತಿಮುಖವು ಎಲ್ಲವನ್ನೂ ಕಚ್ಚಿ ಹಿಡಿದು ನಿಲ್ಲುವುದೂ ಒಂದೇ ವ್ಯವಸ್ಥೆಯ ಅಂಗಗಳೆಂದು ತಿಳಿದಿರುತ್ತದೆ. ಗುಡಿಗಾರನು ಕಪಾಟನ್ನು ಕಪಾಟೆಂದು ಭಾವಿಸಲಿಲ್ಲ. ಕದವನ್ನು ಗರ್ಭಗೃಹದ ದ್ವಾರವೆಂದೂ, ಮೇಲಂಚನ್ನು ಕಪೋತವೆಂದೂ, ಮೂಲೆಯ ಕಂಬಗಳನ್ನು ನವರಂಗದ ಸ್ತಂಭಗಳೆಂದೂ ಭಾವಿಸಿ ಕೆತ್ತಿದನು. ಹೊರನಾಡಿನಿಂದ ಬಂದ ಆಕಾರವು ಅವನ ಕೈಯಲ್ಲಿ ಹೀಗೆ ಸ್ವದೇಶಿಯಾಯಿತು. ಐರೋಪ್ಯ ನಮೂನೆಗಳನ್ನು ಮುಂದಿಟ್ಟರೆ ಅವುಗಳನ್ನೂ ಯಥಾವತ್ತಾಗಿ ಇಳಿಸಬಲ್ಲ ಸಾಮರ್ಥ್ಯ ಅವನಿಗಿದ್ದಿತು. ಆದರೆ ಅಂಥ ಕೃತಿಗಳಲ್ಲಿ ಕಾಣುವುದು ನೈಪುಣ್ಯ ಮಾತ್ರ.

ಈ ಕಲೆಯ ಭಾಗ್ಯಸೂತ್ರವು ಸದಾ ರಾಜ್ಯಾಧಿಕಾರದ ಕೈಯಲ್ಲಿದ್ದಿತು. 1792ರಲ್ಲಿ ಟೀಪೂ ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದಂದಿನಿಂದ ಮರವು ಯಾರ ಹೊಲದಲ್ಲಿ ಬೆಳೆದರೂ ಸರ್ಕಾರದ ಸ್ವತ್ತಾಗಿದ್ದಿತು. ಕೆತ್ತುವವನಿಗೆ ಬೇಕಾದ ಕೊರಡು ಸರ್ಕಾರಿ ಗಂಧದ ಕೋಠಿಯಿಂದಲೇ ಬರಬೇಕಾಗಿದ್ದಿತು. ಅರಸೊತ್ತಿಗೆಯು ಪೋಷಣೆಯನ್ನೂ ಕೊಟ್ಟಿತು: 1897ರಲ್ಲಿ ಮೈಸೂರಿನ ಮರದ ಅರಮನೆ ಬೆಂಕಿಗೆ ಆಹುತಿಯಾಗಿ, 1912ರಲ್ಲಿ ಹೊಸ ಅರಮನೆ ಪೂರ್ಣಗೊಳ್ಳುವ ವರೆಗಿನ ಕಾಲವು ನಾಡಿನ ಮರಗೆಲಸದವರಿಗೆ ಸುಗ್ಗಿಯ ಕಾಲವಾಯಿತು, ಚಾಮರಾಜೇಂದ್ರ ತಾಂತ್ರಿಕ ಶಾಲೆಯಲ್ಲಿ ಗಂಧದ ಕೆತ್ತನೆಯೂ ಬೀಟೆಯಲ್ಲಿ ದಂತವನ್ನು ಕೂರಿಸುವ ಕೆಲಸವೂ ಪಾಠಕ್ರಮವಾಗಿ ಬೋಧಿತವಾದುವು. ಶಾಲೆಯಿಂದ ಉಪಕಾರವಾಯಿತೆಂಬುದು ದಿಟ. ಆದರೂ ತಂದೆ ಗೆರೆಯೆಳೆಯುವುದನ್ನು ಜಗಲಿಯಲ್ಲಿ ಕುಳಿತು ನೋಡಿ ನೋಡಿ ಮಗನಿಗೆ ಬಂದ ವಿದ್ಯೆ ಮತ್ತು ಪಾಠಕ್ರಮದಿಂದ ಬಂದ ವಿದ್ಯೆ ಬೇರೆ ಬೇರೆಯೆಂದೇ ನನ್ನ ಎಣಿಕೆ. ಇತ್ತ 1914ರ ಯುದ್ಧದಿಂದ ಯೂರೋಪಿಗೆ ಗಂಧದ ಮಾರಾಟ ನಿಂತುಹೋದಾಗ ಸರ್ಕಾರವು ಬೆಂಗಳೂರು ಮತ್ತು ಮೈಸೂರುಗಳಲ್ಲಿ ತಾನೇ ಎಣ್ಣೆ ಬಟ್ಟಿಯಿಳಿಸಲು ಆರಂಭಿಸಿತು. 1899ರಲ್ಲಿ ಕೊಡಗಿನಲ್ಲಿ ಗುರುತಿಸಲ್ಪಟ್ಟ, ಎಲೆಗಳನ್ನು ಕುಗ್ಗಿಸಿ ಮರವನ್ನೇ ಕೊಲ್ಲುವ ರೋಗವು ಕಾಡಿನಿಂದ ಕಾಡಿಗೆ ಹಬ್ಬುತ್ತಿದ್ದಿತು. ಮುಂದಣ ದಶಕಗಳಲ್ಲಿ ಕಳ್ಳಸಾಗಣೆಯೂ ಸೇರಿಕೊಂಡು ಒಳ್ಳೆಯ ಕೊರಡು ಕುಶಲಕರ್ಮಿಯ ಕೈಗೆಟುಕದಾಯಿತು.

ಈಗ ಸಾಗರ ಸೊರಬಗಳ ಮನೆಗಳಲ್ಲಿ ಹೆಚ್ಚಾಗಿ ಕೆತ್ತುವುದು ಶಿವನಿಯ ಮರವನ್ನು. ಅದು ಹಗುರ, ಉಳಿಗೆ ಮೃದು, ಹಲಗೆ ಅಗಲ. ಅಂಕಣಗಳಾಗಿ ಒಡೆಯಬೇಕಾದ ನಿರ್ಬಂಧ ಇಲ್ಲದೆ ಹೋದುದರಿಂದ ವಿನ್ಯಾಸವೂ ಮಾರ್ಪಟ್ಟಿದೆ: ಮೂರ್ತಿಗಳು ದೊಡ್ಡವಾದುವು, ಆಳ ಹೆಚ್ಚಿತು, ಬಳ್ಳಿಯ ಹೆಣಿಗೆ ವಿರಳವಾಯಿತು. 2001ರಲ್ಲಿ ಕರ್ನಾಟಕ ಸರ್ಕಾರವು ಕಾಯಿದೆಯನ್ನು ತಿದ್ದಿ, ಭೂಮಿಯಲ್ಲಿ ಬೆಳೆದ ಗಂಧದ ಮರಕ್ಕೆ ಆ ಭೂಮಿಯ ಒಡೆಯನೇ ಹಕ್ಕುದಾರನೆಂದು ಒಪ್ಪಿದ ಮೇಲೆ ರೈತರು ಗಂಧದ ತೋಟಗಳನ್ನು ಹಾಕಿದ್ದಾರೆ. ಆ ಮರಗಳ ಚೇಗು ಇನ್ನೂ ಬಲಿಯುತ್ತಿದೆ. ಅದು ಬಲಿತು ಬಂದಾಗ ಎಣ್ಣೆಯ ವ್ಯಾಪಾರಿಯು ಕೊಡುವ ಬೆಲೆಯನ್ನು ಗುಡಿಗಾರನು ಕೊಡಲಾರನು. ಆದಕಾರಣ ಕೆತ್ತನೆಗೆ ಯೋಗ್ಯವಾದ ಒಂದಿಷ್ಟು ಕೊರಡನ್ನು ರಿಯಾಯಿತಿಯ ದರದಲ್ಲಿ ಅವನಿಗೆಂದೇ ತೆಗೆದಿರಿಸುವ ವ್ಯವಸ್ಥೆ, ಕಿರುಬಳ್ಳಿಯನ್ನು ಕಡೆಯಬಲ್ಲ ಹಿರಿಯರು ಇನ್ನೂ ನಮ್ಮೊಡನಿರುವಾಗಲೇ, ಆಗಬೇಕಾಗಿದೆ.