ಕಾಗದದ ಹೂವಿನ ಹೆಸರು

ಮಾಘ ಮುಗಿಯುವ ಹೊತ್ತಿಗೆ ಪಾಲಬಾವಿಯ ನಮ್ಮ ಹಿತ್ತಲಲ್ಲಿ ಸೇವಂತಿಗೆ ಬಾಡಿರುತ್ತದೆ. ಬೇಲಿಯ ಮೇಲೆ ಹಬ್ಬಿದ ಕಾಗದದ ಹೂವಿನ ಬಳ್ಳಿಗೆ ಮಾತ್ರ ಆಗಲೇ ಸುಗ್ಗಿ. ಮಣ್ಣು ಒಣಗಿದಷ್ಟೂ ಅದು ಮೈತುಂಬ ಅರಳುತ್ತದೆ. ಕೆಂಪಾಗಿ ಕಾಣುವವು ಎಸಳುಗಳಲ್ಲ, ಬಣ್ಣ ತಿರುಗಿದ ಎಲೆಗಳು. ನಿಜವಾದ ಹೂವು ಅವುಗಳ ನಡುವಿನ ಸಣ್ಣ ಬಿಳಿ ಕೊಳವೆ.

ಇದರ ಚರಿತ್ರೆಯಲ್ಲೂ ಎದ್ದು ಕಾಣುವವರು ಬೇರೆ, ಮರೆಯಲ್ಲಿರುವವರು ಬೇರೆ. ಇದು ಮೂಲತಃ ದಕ್ಷಿಣ ಅಮೆರಿಕದ ಬಳ್ಳಿ. 1767ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಫ್ರೆಂಚ್ ಸಸ್ಯಶಾಸ್ತ್ರಜ್ಞ ಕೊಮರ್ಸನ್ ಇದನ್ನು ಸಂಗ್ರಹಿಸಿ, ಸಮುದ್ರಯಾನದ ನಾಯಕ ಬೂಗನ್‌ವಿಲ್‌ನ ಹೆಸರಿಟ್ಟ. ಹಾಗಾಗಿ ಅದು ಬೋಗನ್‌ವಿಲ್ಲಾ. ಕೊಮರ್ಸನ್‌ನ ಕಾಲು ಹುಣ್ಣಾಗಿತ್ತು. ಗುಡ್ಡ ಹತ್ತಿ ಗಿಡ ಕಿತ್ತು ಹೊತ್ತು ತರುವ ಕೆಲಸದಲ್ಲಿ ಅವನಿಗೆ ಆಸರೆಯಾಗಿದ್ದವಳು ಜಾನ್ ಬಾರೆ. ಹಡಗಿನಲ್ಲಿ ಹೆಂಗಸರಿಗೆ ಪ್ರವೇಶವಿಲ್ಲದ್ದರಿಂದ ಗಂಡಸಿನ ವೇಷದಲ್ಲಿ ಹೊರಟಿದ್ದಳು. ಭೂಮಿಯನ್ನು ಸುತ್ತಿಬಂದ ಮೊದಲ ಮಹಿಳೆ ಎಂದು ಚರಿತ್ರೆ ಗುರುತಿಸುವುದು ಇವಳನ್ನೇ.

1785ರಲ್ಲಿ ಫ್ರೆಂಚ್ ಸರ್ಕಾರ ಆಕೆಗೆ ಪಿಂಚಣಿ ಕೊಟ್ಟಿತು. ಕೊಮರ್ಸನ್ ಒಂದು ಗಿಡಕ್ಕೆ ಅವಳ ಹೆಸರಿಟ್ಟಿದ್ದ, ಆದರೆ ಅದು ಉಳಿಯಲಿಲ್ಲ. 2012ರಲ್ಲಿ ಬದನೆಯ ಬಳಗದ ಒಂದು ಕಾಡುಗಿಡಕ್ಕೆ ಬಾರೆಯ ಹೆಸರು ಸಿಕ್ಕಿತು.

ನಮ್ಮ ಮನೆಯ ಉತಾರದಲ್ಲಿರುವುದು ಅಜ್ಜನ ಹೆಸರು. ಈ ಬಳ್ಳಿಯ ಕಡ್ಡಿ ತಂದು ನೆಟ್ಟವಳು, ಬೇಸಿಗೆಯಲ್ಲಿ ಭಾಂಡೆ ತೊಳೆದ ನೀರು ಹಾಕಿ ಉಳಿಸಿದವಳು ಆಯಿ. ಬಳ್ಳಿಗೆ ಈಗ ಅವಳ ಹೆಸರನ್ನೇ ಇಟ್ಟು ಕರೆಯುತ್ತೇನೆ.