ರೆಟ್ರೊವೈರಸ್ ಜೀನೋಮ್ ಪ್ಯಾಕೇಜಿಂಗ್: ಸಂಶೋಧನೆಯ ಇತಿಹಾಸ

ಸೋಂಕು ತಗಲಿದ ಜೀವಕೋಶದಲ್ಲಿ ಹೊಸ ವೈರಸ್ ಕಣಗಳು ರೂಪುಗೊಳ್ಳುವಾಗ ವೈರಸ್ಸಿನ ಆನುವಂಶಿಕ ವಸ್ತು ಅವುಗಳೊಳಗೆ ಸೇರಿಕೊಳ್ಳುವ ಪ್ರಕ್ರಿಯೆಗೆ ಜೀನೋಮ್ ಪ್ಯಾಕೇಜಿಂಗ್ ಎಂದು ಹೆಸರು. ಎಚ್‌ಐವಿ, ಇಲಿಗಳ ಲ್ಯುಕೇಮಿಯಾ ವೈರಸ್, ಕೋಳಿಗಳ ರೌಸ್ ಸಾರ್ಕೋಮಾ ವೈರಸ್ ಮೊದಲಾದವು ಸೇರಿದ ರೆಟ್ರೊವೈರಸ್ ಕುಟುಂಬದಲ್ಲಿ ಈ ವಸ್ತು ಆರ್‌ಎನ್‌ಎ. ಅದು ಕಣದೊಳಗೆ ಒಂಟಿಯಾಗಿರದೆ ಎರಡು ಪ್ರತಿಗಳ ಜೋಡಿಯಾಗಿರುತ್ತದೆ. ಜೀವಕೋಶದ ಒಟ್ಟು ಆರ್‌ಎನ್‌ಎಯಲ್ಲಿ ವೈರಸ್ಸಿನ ಪಾಲು ಅತ್ಯಲ್ಪ. ಆದರೂ ಕಣ ಸೇರುವ ಸರದಿಯಲ್ಲಿ ಮುಂದೆ ನಿಲ್ಲುವುದು ಅದೇ. ಇನ್ನೊಂದು ತೊಡಕೂ ಉಂಟು: ಪೂರ್ಣ ಉದ್ದದ ಅದೇ ಆರ್‌ಎನ್‌ಎ ಕಣದ ಪ್ರೋಟೀನುಗಳನ್ನು ತಯಾರಿಸುವ ಸಂದೇಶವೂ ಹೌದು, ಮುಂದಿನ ಪೀಳಿಗೆಯ ಜೀನೋಮೂ ಹೌದು. ಎರಡು ಕೆಲಸಗಳಲ್ಲಿ ಯಾವ ಪ್ರತಿಗೆ ಯಾವುದು ಎಂದು ತೀರ್ಮಾನಿಸುವವರು ಯಾರು? ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಸಂಶೋಧನೆಯಲ್ಲಿ ಈ ಪ್ರಶ್ನೆಯ ಉತ್ತರ ಪ್ರೋಟೀನಿನ ಕಡೆಯಿಂದ ನಿಧಾನವಾಗಿ ಆರ್‌ಎನ್‌ಎಯ ಕಡೆಗೆ ವಾಲಿತು.

ಜೋಡಿ ಎಳೆಗಳ ಪತ್ತೆ

ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಪೇಟನ್ ರೌಸ್ 1911ರಲ್ಲಿ ಕೋಳಿಯ ಗಡ್ಡೆಯೊಂದರ ರಸವನ್ನು ಸೋಸಿ, ಜೀವಕೋಶಗಳಿಲ್ಲದ ಆ ರಸದಿಂದಲೇ ಬೇರೆ ಕೋಳಿಗಳಲ್ಲಿ ಕ್ಯಾನ್ಸರ್ ಹುಟ್ಟುವುದನ್ನು ತೋರಿಸಿದರು. ಅದಕ್ಕೆ ಕಾರಣವಾದ ವೈರಸ್ಸಿನ ಒಳಗೇನಿದೆ ಎಂಬುದು ತಿಳಿಯಲು ಐದು ದಶಕ ಬೇಕಾಯಿತು. 1965ರಲ್ಲಿ ವಿಲಿಯಂ ರಾಬಿನ್ಸನ್ ಮತ್ತು ಸಂಗಡಿಗರು ಈ ವೈರಸ್ಸನ್ನು ಶುದ್ಧೀಕರಿಸಿ ಅದರ ಆರ್‌ಎನ್‌ಎಯನ್ನು ಹೊರತೆಗೆದರು. ಅತಿವೇಗದ ಸೆಂಟ್ರಿಫ್ಯೂಜಿನಲ್ಲಿ ಅದು ತಳಕ್ಕಿಳಿಯುವ ವೇಗ ಸುಮಾರು 70 ಸ್ವೆಡ್‌ಬರ್ಗ್ ಮಾನದಷ್ಟಿತ್ತು. ಅಂದರೆ ಅಣು ಭಾರಿ ಗಾತ್ರದ್ದು.

1968ರಲ್ಲಿ ಪೀಟರ್ ಡ್ಯೂಸ್‌ಬರ್ಗ್ ಅದನ್ನು ಕಾಯಿಸಿದಾಗ ಅದು ಸುಮಾರು 35 ಮಾನದ ಚಿಕ್ಕ ಅಣುಗಳಾಗಿ ಬಿಡಿಬಿಡಿಯಾಯಿತು. ಬಿಸಿಗೆ ಬಿಟ್ಟುಕೊಟ್ಟಿತೆಂದರೆ ಅವುಗಳನ್ನು ಹಿಡಿದಿಟ್ಟಿದ್ದುದು ಗಟ್ಟಿ ರಾಸಾಯನಿಕ ಬಂಧವಲ್ಲ, ನ್ಯೂಕ್ಲಿಯೋಟೈಡುಗಳ ನಡುವಿನ ಹಗುರ ಜೋಡಣೆ. ಆ ತುಣುಕುಗಳು ಬೇರೆಬೇರೆ ವಂಶವಾಹಿಗಳನ್ನು ಹೊತ್ತ ಭಾಗಗಳೋ, ಒಂದೇ ಜೀನೋಮಿನ ಪ್ರತಿಗಳೋ ಎಂಬ ಚರ್ಚೆ ಕೆಲವು ವರ್ಷ ನಡೆಯಿತು. ಎಪ್ಪತ್ತರ ದಶಕದ ನಡುವೆ ಅದು ಪ್ರತಿಗಳ ಪರವಾಗಿ ಇತ್ಯರ್ಥವಾಯಿತು. ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯಲ್ಲಿ ನಾರ್ಮನ್ ಡೇವಿಡ್‌ಸನ್ ಅವರ ತಂಡ 1975–76ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಅಣುಗಳನ್ನು ನೇರವಾಗಿ ಕಂಡಿತು: ಎರಡು ಎಳೆಗಳು, ಎರಡೂ ತಮ್ಮ ಆರಂಭದ ತುದಿಯ ಹತ್ತಿರ ಒಂದಕ್ಕೊಂದು ಅಂಟಿಕೊಂಡಿವೆ, ಬಾಲಗಳು ಎರಡು ದಿಕ್ಕಿಗೆ ಚಾಚಿವೆ.

ಈ ನಡುವೆ 1970ರಲ್ಲಿ ಹೊವರ್ಡ್ ಟೆಮಿನ್–ಸತೋಷಿ ಮಿಝುಟಾನಿ ಜೋಡಿ ಮತ್ತು ಡೇವಿಡ್ ಬಾಲ್ಟಿಮೋರ್, ಆರ್‌ಎನ್‌ಎಯಿಂದ ಡಿಎನ್‌ಎ ಬರೆಯುವ ಕಿಣ್ವವನ್ನು ಪತ್ತೆಹಚ್ಚಿದ್ದರು. ಎರಡು ಪ್ರತಿಗಳಿಂದಾಗುವ ಲಾಭ ಆ ಕಿಣ್ವದ ನಡವಳಿಕೆಯಿಂದ ಸ್ಪಷ್ಟವಾಯಿತು. ನಕಲು ಮಾಡುತ್ತಲೇ ಅದು ಒಂದು ಪ್ರತಿಯಿಂದ ಇನ್ನೊಂದಕ್ಕೆ ಜಿಗಿಯಬಲ್ಲದು. ಎರಡೂ ಪ್ರತಿಗಳು ಒಂದೇ ತೆರನಾಗಿರದಿದ್ದರೆ ಹುಟ್ಟುವುದು ಎರಡರ ಗುಣಗಳೂ ಬೆರೆತ ಹೊಸ ತಳಿ. ಎಚ್‌ಐವಿಯಲ್ಲಿ ಔಷಧ ನಿರೋಧಕ ಗುಣಗಳು ಒಂದೇ ವೈರಸ್ಸಿನಲ್ಲಿ ಒಟ್ಟುಗೂಡಲು ಇದೂ ಒಂದು ದಾರಿ.

ತಪ್ಪು ಸರಕು ತುಂಬಿದ ಕಣಗಳು

ಆಯ್ಕೆಯ ಗುಟ್ಟಿನ ಮೊದಲ ಸುಳಿವು ಸಿಕ್ಕಿದ್ದು ಆಯ್ಕೆ ಕೆಟ್ಟ ವೈರಸ್ಸಿನಿಂದ. ಮ್ಯಾಕ್ಸಿನ್ ಲಿನಿಯಲ್ ಮತ್ತು ಸಹೋದ್ಯೋಗಿಗಳು 1978ರಲ್ಲಿ ಕ್ವೇಲ್ ಹಕ್ಕಿಯ ಒಂದು ಕೋಶಸಂತತಿಯನ್ನು ವಿವರಿಸಿದರು. ಅದರಿಂದ ಹೊರಬರುತ್ತಿದ್ದ ವೈರಸ್ ಕಣಗಳಲ್ಲಿ ವೈರಸ್ಸಿನ ಆರ್‌ಎನ್‌ಎ ಬದಲು ಆತಿಥೇಯ ಕೋಶದ ಆರ್‌ಎನ್‌ಎ ತುಂಬಿತ್ತು. ಆ ವೈರಸ್ಸಿನ ಜೀನೋಮಿನ ಆರಂಭದ ಭಾಗದಲ್ಲಿ ಒಂದು ತುಂಡು ಕಳೆದುಹೋಗಿರುವುದು 1980ರಲ್ಲಿ ತಿಳಿಯಿತು.

1982ರಲ್ಲಿ ವತನಾಬೆ ಮತ್ತು ಟೆಮಿನ್ ಹಕ್ಕಿಗಳ ಇನ್ನೊಂದು ರೆಟ್ರೊವೈರಸ್ಸಿನಲ್ಲಿ ಪ್ಯಾಕೇಜಿಂಗಿಗೆ ಬೇಕಾದ ಭಾಗವನ್ನು ಗುರುತಿಸಿದರು. ಮರುವರ್ಷ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ರಿಚರ್ಡ್ ಮನ್, ರಿಚರ್ಡ್ ಮಲ್ಲಿಗನ್ ಮತ್ತು ಬಾಲ್ಟಿಮೋರ್ ಇಲಿಗಳ ಮೊಲೊನಿ ಲ್ಯುಕೇಮಿಯಾ ವೈರಸ್ಸಿನಲ್ಲಿ ಸುಮಾರು 350 ನ್ಯೂಕ್ಲಿಯೋಟೈಡುಗಳನ್ನು ಕತ್ತರಿಸಿ ತೆಗೆದರು. ಪ್ರೋಟೀನುಗಳೆಲ್ಲ ಎಂದಿನಂತೆ ತಯಾರಾದವು, ಕಣಗಳೂ ಹೊರಬಂದವು. ಆದರೆ ಅವುಗಳಲ್ಲಿ ವೈರಸ್ಸಿನ ಜೀನೋಮ್ ಇರಲಿಲ್ಲ. ಕತ್ತರಿಸಿದ ಭಾಗಕ್ಕೆ ಗ್ರೀಕ್ ಅಕ್ಷರದಿಂದ ‘ಸೈ’ ಎಂಬ ಹೆಸರು ಬಂತು. ಅದು ಇದ್ದ ಜಾಗವೂ ಅರ್ಥಪೂರ್ಣ. ಮೊದಲ ಪ್ರೋಟೀನಿನ ವಂಶವಾಹಿಗೆ ಸ್ವಲ್ಪ ಹಿಂದೆ, ಆರ್‌ಎನ್‌ಎ ಕತ್ತರಿಸಿ ಬೆಸೆಯಲ್ಪಡುವ ಬಿಂದುವಿನ ಆಚೆಗೆ ಅದು ಇದ್ದುದರಿಂದ, ಕತ್ತರಿಗೆ ಸಿಕ್ಕಿದ ಗಿಡ್ಡ ಆರ್‌ಎನ್‌ಎಗಳಲ್ಲಿ ಸೈ ಉಳಿಯುತ್ತಿರಲಿಲ್ಲ. ಪೂರ್ಣ ಉದ್ದದ ಪ್ರತಿಗೇ ಕಣದಲ್ಲಿ ಆದ್ಯತೆ ಸಿಗಲು ಇದೊಂದು ಸರಳ ಉಪಾಯ. 1989ರಲ್ಲಿ ಆಂಡ್ರೂ ಲಿವರ್ ಮತ್ತು ಸಂಗಡಿಗರು ಎಚ್‌ಐವಿಯ ಇಂಥದೇ ಜಾಗದಲ್ಲಿ ಬರೀ 19 ನ್ಯೂಕ್ಲಿಯೋಟೈಡುಗಳನ್ನು ತೆಗೆದಾಗ ಅಲ್ಲೂ ಪ್ಯಾಕೇಜಿಂಗ್ ತೀವ್ರವಾಗಿ ಕುಸಿಯಿತು.

ಗ್ಯಾಗ್ ಮತ್ತು ಸತುವಿನ ಬೆರಳುಗಳು

ಸೈ ಭಾಗವನ್ನು ಗುರುತಿಸುವುದು ಗ್ಯಾಗ್ ಎಂಬ ಪ್ರೋಟೀನ್. ಕಣದ ಒಳಕವಚವನ್ನು ಕಟ್ಟುವುದೂ ಇದೇ. ಒಂದು ಎಚ್‌ಐವಿ ಕಣಕ್ಕೆ ಎರಡು ಸಾವಿರಕ್ಕೂ ಹೆಚ್ಚು ಗ್ಯಾಗ್ ಅಣುಗಳು ಬೇಕು. ಅದರ ನ್ಯೂಕ್ಲಿಯೋಕ್ಯಾಪ್ಸಿಡ್ ಎಂಬ ಭಾಗದಲ್ಲಿ ಮೂರು ಸಿಸ್ಟೀನ್, ಒಂದು ಹಿಸ್ಟಿಡೀನ್ ಸೇರಿ ಸತುವಿನ ಒಂದು ಅಯಾನನ್ನು ಹಿಡಿದಿರುತ್ತವೆ. ಇಂಥ ‘ಸತುವಿನ ಬೆರಳು’ ಇಲಿಗಳ ವೈರಸ್ಸಿನಲ್ಲಿ ಒಂದು, ಎಚ್‌ಐವಿಯಲ್ಲಿ ಎರಡು. 1988ರಲ್ಲಿ ರಾಬರ್ಟ್ ಗೊರೆಲಿಕ್, ಅಲನ್ ರೈನ್ ಮತ್ತಿತರರು ಇಲ್ಲಿನ ಒಂದೊಂದೇ ಸಿಸ್ಟೀನನ್ನು ಬದಲಿಸಿ ನೋಡಿದರು. ಕಣಗಳು ರೂಪುಗೊಂಡವು, ಆದರೆ ತಮ್ಮ ಜೀನೋಮನ್ನು ಹಿಡಿಯಲಾರದೆ ಹೋದವು. 1995ರಲ್ಲಿ ಒಂದು ವೈರಸ್ಸಿನ ನ್ಯೂಕ್ಲಿಯೋಕ್ಯಾಪ್ಸಿಡನ್ನು ಇನ್ನೊಂದರ ಗ್ಯಾಗ್‌ಗೆ ಕಸಿ ಮಾಡಿದಾಗ ಆಯ್ಕೆಯ ಒಲವೂ ಅದರ ಹಿಂದೆಯೇ ಹೋಯಿತು.

ಇಲ್ಲಿಗೆ ವಿಷಯ ಬಗೆಹರಿದಂತೆ ಕಂಡರೂ, ಗ್ಯಾಗ್ ಸಿಕ್ಕಿದ ಆರ್‌ಎನ್‌ಎಗೆಲ್ಲ ಅಂಟಿಕೊಳ್ಳುವ ಪ್ರೋಟೀನ್ ಎಂಬ ಸಂಗತಿ ಕಾಡುತ್ತಲೇ ಇತ್ತು. 2001ರಲ್ಲಿ ರೈನ್ ತಂಡವೇ ಇನ್ನೊಂದು ತಿರುವು ಕೊಟ್ಟಿತು: ಸೈ ಇಲ್ಲದಿದ್ದಾಗ ಕಣ ಖಾಲಿಯಾಗಿ ಹೊರಡುವುದಿಲ್ಲ, ಸರಿಸುಮಾರು ಅಷ್ಟೇ ಪ್ರಮಾಣದ ಕೋಶದ ಆರ್‌ಎನ್‌ಎ ಅದರಲ್ಲಿ ತುಂಬಿಕೊಳ್ಳುತ್ತದೆ. ಕಣ ಕಟ್ಟಲು ಯಾವುದೋ ಒಂದು ಆರ್‌ಎನ್‌ಎ ಆಧಾರವಾಗಿ ಬೇಕೇ ಬೇಕು. ಸೈ ಕೊಡುವುದು ಪ್ರವೇಶದ ಹಕ್ಕನ್ನಲ್ಲ, ಸ್ಪರ್ಧೆಯಲ್ಲಿ ಮೇಲುಗೈಯನ್ನು.

ಎರಡು ಎಳೆ ಕೂಡುವ ಬಿಂದು

ಎಳೆಗಳು ಎಲ್ಲಿ ಕೂಡುತ್ತವೆ ಎಂಬುದು 1994ರಲ್ಲಿ ಖಚಿತವಾಯಿತು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ತಂಡ ಮತ್ತು ಕೆನಡಾದ ಮೈಕೆಲ್ ಲಾಫ್ರಿಯಾ ಪ್ರತ್ಯೇಕವಾಗಿ ಎಚ್‌ಐವಿ ಆರ್‌ಎನ್‌ಎಯ ಒಂದು ಕುಣಿಕೆಯತ್ತ ಬೊಟ್ಟು ಮಾಡಿದರು. ಕುಣಿಕೆಯ ತುದಿಯಲ್ಲಿ ಆರು ಅಕ್ಷರಗಳ ಒಂದು ಸರಣಿ ಇದೆ. ತನಗೆ ತಾನೇ ಪೂರಕವಾದ್ದರಿಂದ ಒಂದು ಪ್ರತಿಯ ಕುಣಿಕೆ ಇನ್ನೊಂದರ ಅದೇ ಕುಣಿಕೆಯೊಂದಿಗೆ ಜೋಡಿಯಾಗುತ್ತದೆ. ಅಮೆರಿಕ, ಯುರೋಪುಗಳಲ್ಲಿ ಹೆಚ್ಚಾಗಿರುವ ಬಿ ಉಪಪ್ರಭೇದದಲ್ಲಿ ಈ ಸರಣಿ ಸಾಮಾನ್ಯವಾಗಿ ಜಿಸಿಜಿಸಿಜಿಸಿ. ಭಾರತದಲ್ಲಿ ಪ್ರಧಾನವಾಗಿರುವ ಸಿ ಉಪಪ್ರಭೇದದಲ್ಲಿ ಜಿಯುಜಿಸಿಎಸಿ. ಎರಡೂ ಪರಸ್ಪರ ಹೊಂದುವುದಿಲ್ಲ. ಬಿ ಮತ್ತು ಸಿ ತಳಿಗಳು ಒಂದೇ ಜೀವಕೋಶವನ್ನು ಹೊಕ್ಕರೂ ಬೆರಕೆ ಕಡಿಮೆಯಾಗಲು ಇದು ದೊಡ್ಡ ಕಾರಣವೆಂದು ವೇ-ಶಾವ್ ಹೂ ಅವರ ಗುಂಪು 2005ರಲ್ಲಿ ತೋರಿಸಿತು. ಸರಣಿಯನ್ನು ಹೊಂದಿಸಿಕೊಟ್ಟಾಗ ಬೆರಕೆ ಹೆಚ್ಚಾಯಿತು. ಅದೇ ಗುಂಪು 2009ರಲ್ಲಿ ಕಣಗಳನ್ನು ಒಂದೊಂದಾಗಿ ಪರೀಕ್ಷಿಸಿ, ಶೇ. 90ಕ್ಕೂ ಹೆಚ್ಚು ಎಚ್‌ಐವಿ ಕಣಗಳಲ್ಲಿ ವೈರಸ್ಸಿನ ಆರ್‌ಎನ್‌ಎ ಇರುವುದನ್ನು ದಾಖಲಿಸಿತು.

ಮಡಿಕೆಯ ತೀರ್ಮಾನ

ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್ಸಿನಲ್ಲಿ ಮೈಕೆಲ್ ಸಮ್ಮರ್ಸ್ ತಂಡ ಎನ್‌ಎಂಆರ್ ವಿಧಾನದಿಂದ ಈ ಅಣುಗಳ ಆಕಾರವನ್ನು ಬಿಡಿಸಿತು. 2004ರಲ್ಲಿ ಇಲಿಗಳ ವೈರಸ್ಸಿನ ಬಗ್ಗೆ ಮಹತ್ವದ ಸಂಗತಿಯೊಂದು ಹೊರಬಂತು. ಒಂಟಿ ಆರ್‌ಎನ್‌ಎಯಲ್ಲಿ ನ್ಯೂಕ್ಲಿಯೋಕ್ಯಾಪ್ಸಿಡ್ ಅಂಟುವ ಜಾಗಗಳು ಮಡಿಕೆಗಳೊಳಗೆ ಮುಚ್ಚಿರುತ್ತವೆ. ಎರಡು ಪ್ರತಿಗಳು ಜೋಡಿಯಾದಾಗ ಮಡಿಕೆ ಬದಲಾಗಿ ಅವು ತೆರೆದುಕೊಳ್ಳುತ್ತವೆ. ಜೋಡಿಯೇ ಒಳಗೆ ಹೋಗುವುದೇಕೆ ಎಂಬುದಕ್ಕೆ ಇದರಲ್ಲಿ ಉತ್ತರವಿತ್ತು. 2015ರಲ್ಲಿ ಎಚ್‌ಐವಿಯ ಪ್ಯಾಕೇಜಿಂಗ್ ಸಂಕೇತದ 155 ನ್ಯೂಕ್ಲಿಯೋಟೈಡುಗಳ ತಿರುಳಿನ ರಚನೆ ಪ್ರಕಟವಾಯಿತು.

ಸಂದೇಶವೋ ಜೀನೋಮೋ ಎಂಬ ಮೂಲ ಪ್ರಶ್ನೆಗೆ ಉತ್ತರ ಅನಿರೀಕ್ಷಿತ ಜಾಗದಲ್ಲಿ ಸಿಕ್ಕಿತು. ಎಚ್‌ಐವಿ ಆರ್‌ಎನ್‌ಎಯ ಬರವಣಿಗೆ ಯಾವಾಗಲೂ ಒಂದೇ ಬಿಂದುವಿನಿಂದ ಶುರುವಾಗುವುದಿಲ್ಲ. ಕೆಲವು ಪ್ರತಿಗಳ ಮೊದಲಲ್ಲಿ ಒಂದು ‘ಜಿ’, ಕೆಲವಕ್ಕೆ ಎರಡು ಅಥವಾ ಮೂರು. ಒಂದೇ ಜಿ ಇರುವ ಪ್ರತಿ ತನ್ನ ಆರಂಭದ ತುದಿಯಲ್ಲಿರುವ ‘ಟೊಪ್ಪಿಗೆ’ (ಕ್ಯಾಪ್) ಎಂಬ ರಾಸಾಯನಿಕ ರಚನೆಯನ್ನು ಮಡಿಕೆಯೊಳಗೆ ಅಡಗಿಸಿ, ಜೋಡಿಯಾಗಿ, ಕಣ ಸೇರುತ್ತದೆ. ಹೆಚ್ಚು ಜಿ ಇರುವ ಪ್ರತಿಯ ಟೊಪ್ಪಿಗೆ ಹೊರಗೆ ಉಳಿಯುವುದರಿಂದ ಪ್ರೋಟೀನ್ ತಯಾರಿಸುವ ಯಂತ್ರಾಂಗ ಅದನ್ನು ಹಿಡಿಯಬಲ್ಲದು. 2016ರಿಂದ 2020ರ ನಡುವಿನ ಅಧ್ಯಯನಗಳು ಈ ಚಿತ್ರವನ್ನು ಪೂರ್ತಿಗೊಳಿಸಿದವು.

ಕಣ ಕಟ್ಟುವ ಕ್ಷಣವನ್ನು ಕಂಡದ್ದು ರೌಸ್ ಕೆಲಸ ಮಾಡಿದ್ದ ರಾಕ್‌ಫೆಲರ್ ಸಂಸ್ಥೆಯಲ್ಲೇ. ನೊಲ್ವೆನ್ ಜೂವೆನೆ, ಸ್ಯಾನ್‌ಫರ್ಡ್ ಸೈಮನ್ ಮತ್ತು ಪಾಲ್ ಬಿನಿಯಾಶ್ 2009ರಲ್ಲಿ ಹೊಳೆಯುವ ಗುರುತು ಹಚ್ಚಿದ ಆರ್‌ಎನ್‌ಎಯನ್ನು ಜೀವಂತ ಕೋಶದಲ್ಲಿ ಹಿಂಬಾಲಿಸಿದರು. ಗ್ಯಾಗ್ ಇಲ್ಲದಿದ್ದರೆ ಆರ್‌ಎನ್‌ಎ ಕೋಶಪೊರೆಯ ಬಳಿ ಬಂದು ನಿಲ್ಲದೆ ಹೋಗುತ್ತಿತ್ತು. ಬೆರಳೆಣಿಕೆಯ ಗ್ಯಾಗ್ ಅಣುಗಳು ಜೊತೆಗಿದ್ದರೆ ಅಲ್ಲೇ ನೆಲೆಯೂರುತ್ತಿತ್ತು, ಉಳಿದ ಗ್ಯಾಗ್ ಅದರ ಸುತ್ತ ನಿಮಿಷಗಳಲ್ಲಿ ಜಮಾಯಿಸುತ್ತಿತ್ತು.

ಅನ್ವಯಗಳು

ಪ್ಯಾಕೇಜಿಂಗಿನ ವಿಜ್ಞಾನ ಪೂರ್ತಿ ಅರ್ಥವಾಗುವ ಮೊದಲೇ ಅದರ ಬಳಕೆ ಶುರುವಾಗಿತ್ತು. 1983ರ ಪ್ರಯೋಗದ ಕೋಶಗಳು ಪ್ರೋಟೀನುಗಳನ್ನೆಲ್ಲ ತಯಾರಿಸಿದರೂ ತಮ್ಮ ವೈರಸ್ ಜೀನೋಮನ್ನು ಕಣಕ್ಕೆ ತುಂಬುತ್ತಿರಲಿಲ್ಲ. ಅವುಗಳೊಳಗೆ ಸೈ ಜೋಡಿಸಿದ ಬೇರೆ ವಂಶವಾಹಿಯನ್ನು ಇಟ್ಟರೆ ಅದೇ ಕಣ ಸೇರುತ್ತಿತ್ತು. 1990ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ರೋಗನಿರೋಧಕ ಶಕ್ತಿಯ ಕೊರತೆಗೆ ನಡೆದ ಜೀನ್ ಚಿಕಿತ್ಸೆಯಲ್ಲಿ ಬಳಸಿದ್ದು ಇಲಿಗಳ ರೆಟ್ರೊವೈರಸ್ಸಿನಿಂದ ರೂಪಿಸಿದ ಇಂಥ ವಾಹಕವನ್ನೇ. ತುಣುಕುಗಳು ಮರುಜೋಡಣೆಗೊಂಡು ಹರಡಬಲ್ಲ ವೈರಸ್ ಮತ್ತೆ ಹುಟ್ಟುವ ಅಪಾಯವಿದ್ದುದರಿಂದ ವೈರಸ್ಸಿನ ವಂಶವಾಹಿಗಳನ್ನು ಬೇರೆಬೇರೆ ಡಿಎನ್‌ಎ ತುಂಡುಗಳಲ್ಲಿ ಹಂಚಿಡುವ ಪದ್ಧತಿ ಬಂತು. 1996ರಲ್ಲಿ ಸಾಕ್ ಸಂಸ್ಥೆಯ ಲುಯಿಜಿ ನಾಲ್ಡಿನಿ, ಇಂದರ್ ವರ್ಮಾ, ಡಿಡಿಯೆ ಟ್ರೋನೊ ಮೊದಲಾದವರು ಎಚ್‌ಐವಿಯಿಂದಲೇ ವಾಹಕ ರೂಪಿಸಿ, ವಿಭಜನೆಯಾಗದ ಕೋಶಗಳಿಗೂ ವಂಶವಾಹಿ ತಲುಪಿಸಿದರು. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಸಹಯೋಗದಲ್ಲಿ ಬೆಳೆದು 2023ರಲ್ಲಿ ಅನುಮತಿ ಪಡೆದ ಭಾರತದ ಮೊದಲ ಸಿಎಆರ್-ಟಿ ರಕ್ತಕ್ಯಾನ್ಸರ್ ಚಿಕಿತ್ಸೆಯೂ ಇದೇ ಬಗೆಯ ವಾಹಕವನ್ನು ಅವಲಂಬಿಸಿದೆ.

ಪ್ಯಾಕೇಜಿಂಗನ್ನು ತಡೆಯುವ ಔಷಧದ ಪ್ರಯತ್ನಗಳು ಇಷ್ಟು ಫಲ ಕೊಟ್ಟಿಲ್ಲ. ನ್ಯೂಕ್ಲಿಯೋಕ್ಯಾಪ್ಸಿಡಿನಿಂದ ಸತುವನ್ನು ಹೊರದಬ್ಬುವ ರಾಸಾಯನಿಕಗಳನ್ನು 1990ರ ದಶಕದಿಂದ ಪರೀಕ್ಷಿಸಲಾಗಿದೆ. ಮನುಷ್ಯನ ಅನೇಕ ಪ್ರೋಟೀನುಗಳಲ್ಲೂ ಸತುವಿನ ಬೆರಳುಗಳಿರುವುದರಿಂದ ಅವನ್ನು ಮುಟ್ಟದೆ ವೈರಸ್ಸಿನದನ್ನಷ್ಟೇ ಕೆಡಿಸುವುದು ಈ ದಾರಿಯ ದೊಡ್ಡ ಅಡ್ಡಿ. ಹೀಗಾಗಿ ಈಚಿನ ಹುಡುಕಾಟ ಆರ್‌ಎನ್‌ಎಯ ಮಡಿಕೆಗಳಿಗೇ ಅಂಟುವ ಸಣ್ಣ ಅಣುಗಳತ್ತಲೂ ಹೊರಳಿದೆ.