ಡಚ್ಚರ ಸೈಕಲ್ ಹಾದಿಗಳು

ದೇಶಗಳ ಚರಿತ್ರೆಯನ್ನು ಅರಸರ ಯುದ್ಧಗಳಿಂದಲೂ ಮಂತ್ರಿಗಳ ಒಪ್ಪಂದಗಳಿಂದಲೂ ಅರಿತುಕೊಳ್ಳುವುದು ವಾಡಿಕೆ. ಆದರೆ ಸಾಮಾನ್ಯ ಜನರು ದಿನವೂ ತುಳಿಯುವ ಹಾದಿಗೂ ಒಂದು ಚರಿತ್ರೆಯುಂಟು. ಯಾವ ಹಾದಿಯನ್ನು ಯಾರು, ಯಾರಿಗಾಗಿ, ಯಾವ ಉದ್ದೇಶದಿಂದ ಕಟ್ಟಿದರು ಎಂಬುದನ್ನು ವಿಚಾರಿಸಿದರೆ, ಆ ಜನಾಂಗವು ಒಂದೊಂದು ಕಾಲದಲ್ಲಿ ಯಾವುದನ್ನು ಬೆಲೆಯುಳ್ಳದ್ದೆಂದು ಎಣಿಸಿತ್ತೆಂಬುದು ತಾನಾಗಿ ಗೋಚರವಾಗುತ್ತದೆ. ಹಾಲೆಂಡೆಂದು ರೂಢಿಯಲ್ಲಿ ಕರೆಯಲ್ಪಡುವ ನೆದರ್ಲೆಂಡ್ಸ್ ದೇಶದ ಸೈಕಲ್ ಹಾದಿಗಳು ಇದಕ್ಕೆ ತಕ್ಕ ನಿದರ್ಶನವಾಗಿವೆ.

ಆ ಚಿಕ್ಕ ದೇಶದಲ್ಲಿ ಇಂದು ಸುಮಾರು 35,000 ಕಿಲೋಮೀಟರು ಉದ್ದದ ಸೈಕಲ್ ಹಾದಿಗಳಿವೆ. ಜನಸಂಖ್ಯೆಗಿಂತ ಸೈಕಲ್ಲುಗಳ ಸಂಖ್ಯೆಯೇ ಹೆಚ್ಚು. ಜನರು ಮಾಡುವ ಸಂಚಾರಗಳಲ್ಲಿ ನಾಲ್ಕರಲ್ಲೊಂದು ಪಾಲಿಗಿಂತಲೂ ಹೆಚ್ಚು ಸೈಕಲ್ಲಿನ ಮೇಲೆಯೇ ನಡೆಯುತ್ತದೆ. ಇದಕ್ಕೆ ಕಾರಣವೇನೆಂದು ಕೇಳಿದರೆ, 'ಅದು ಸಮತಟ್ಟಾದ ನೆಲ. ಅಲ್ಲಿ ಏರಿಲ್ಲ, ಇಳಿಜಾರಿಲ್ಲ' ಎಂದು ಹೇಳಿ ಮುಗಿಸುವವರೇ ಬಹಳ. ಈ ಮಾತು ಅರ್ಧ ನಿಜ. ಏಕೆಂದರೆ, ಎರಡನೆಯ ಮಹಾಯುದ್ಧವು ಮುಗಿದ ಮೇಲಿನ ಇಪ್ಪತ್ತೈದು ವರ್ಷಗಳಲ್ಲಿ ಅದೇ ಸಮತಟ್ಟಾದ ನೆಲದಲ್ಲಿ ಸೈಕಲ್ ಸವಾರರು ವರ್ಷೇ ವರ್ಷೇ ಕಡಮೆಯಾಗುತ್ತ ಬಂದರು. ನೆಲವು ಬದಲಾಗಲಿಲ್ಲ; ಬದಲಾದುದು ಜನರ ಮನಸ್ಸು ಮತ್ತು ಅಧಿಕಾರಿಗಳ ಯೋಜನೆ. ಆದುದರಿಂದ ಕಾರಣವನ್ನು ಭೂಗೋಳದಲ್ಲಿ ಹುಡುಕುವುದಕ್ಕಿಂತ ಚರಿತ್ರೆಯಲ್ಲಿ ಹುಡುಕುವುದು ಲೇಸು.

ಇಂಗ್ಲೆಂಡಿನಲ್ಲಿ ಸ್ಟಾರ್ಲಿಯವರು 1885ರಲ್ಲಿ ಎರಡು ಸಮಗಾತ್ರದ ಚಕ್ರಗಳುಳ್ಳ, ಸರಪಣಿಯಿಂದ ಓಡುವ 'ರೋವರ್' ಸೈಕಲ್ಲನ್ನು ಹೊರತಂದರು. 1888ರಲ್ಲಿ ಡನ್ಲಪ್ಪರು ಗಾಳಿ ತುಂಬಿದ ರಬ್ಬರು ಪಟ್ಟಿಯನ್ನು ಚಕ್ರಕ್ಕೆ ಹೊಂದಿಸಿದರು. ಅಲ್ಲಿಂದ ಮುಂದೆ ಸೈಕಲ್ಲು ಸಾಹಸಿಗಳ ಆಟವಾಗಿ ಉಳಿಯದೆ ಗೃಹಸ್ಥರ ವಾಹನವಾಯಿತು. ಹಾಲೆಂಡಿನಲ್ಲಿ ಇದಕ್ಕೂ ಮುಂಚೆಯೇ, 1883ರಲ್ಲಿ, ಸೈಕಲ್ ಸವಾರರ ಒಂದು ರಾಷ್ಟ್ರೀಯ ಸಂಘವು ಸ್ಥಾಪಿತವಾಗಿತ್ತು. 1885ರಲ್ಲಿ ಯುಟ್ರೆಕ್ಟ್ ನಗರದ ಮಾಲಿಬಾನ್ ಎಂಬ ಸಾಲುಮರದ ರಸ್ತೆಯ ಪಕ್ಕದಲ್ಲಿ ಸೈಕಲ್ಲಿಗೆಂದೇ ಬೇರೊಂದು ಪಟ್ಟಿಯನ್ನು ಬಿಡಲಾಯಿತು. ಇದೇ ಆ ದೇಶದ ಮೊದಲ ಸೈಕಲ್ ಹಾದಿಯೆಂದು ಹೇಳುವರು. ಆಗಿನ ಸವಾರರು ಬಹುಮಟ್ಟಿಗೆ ಅನುಕೂಲವಂತರು. ಅವರಿಗೆ ಬೇಕಾದುದು ನಯವಾದ ನೆಲ ಮತ್ತು ವಿಹಾರ. ಹೀಗೆ ಮೊದಲ ಹಾದಿಯು ಹುಟ್ಟಿದುದು ಉಲ್ಲಾಸಕ್ಕಾಗಿ.

ಉಲ್ಲಾಸಕ್ಕಾಗಿ ಹುಟ್ಟಿದುದಾದರೂ ಅದು ಒಂದು ಒಳ್ಳೆಯ ಸಂಪ್ರದಾಯಕ್ಕೆ ದಾರಿಮಾಡಿತು. 1914ರಲ್ಲಿ ಗೋಯಿ ಮತ್ತು ಏಮ್‌ಲ್ಯಾಂಡ್ ಸೀಮೆಯ ಜನರು ಸೈಕಲ್ ಹಾದಿಯ ಸಂಘವೊಂದನ್ನು ಕಟ್ಟಿಕೊಂಡರು. ಮುಂದೆ ಬೇರೆ ಸೀಮೆಗಳಲ್ಲಿಯೂ ಇಂಥವು ಹುಟ್ಟಿದವು. ಸದಸ್ಯರು ಚಂದಾ ಕೊಡುವರು. ಸಂಘದವರು ಜಮೀನುದಾರರಿಂದ ಅಪ್ಪಣೆ ಪಡೆದು ಬಯಲು, ತೋಪು, ಮರಳುಗುಡ್ಡೆಗಳ ನಡುವೆ ಕಿರಿದಾದ ಹಾದಿಯನ್ನು ಹಾಕಿಸಿ ಅದರ ದುರಸ್ತಿಯನ್ನು ನೋಡಿಕೊಳ್ಳುವರು. ಸರಕಾರವು ಮಾಡಲಿ ಎಂದು ಕೈಕಟ್ಟಿ ಕುಳಿತಿರದೆ, ಊರವರು ಕೆರೆಯ ಹೂಳನ್ನು ತಾವೇ ಎತ್ತುವಂತೆ ಅವರು ತಮ್ಮ ಹಾದಿಯನ್ನು ತಾವೇ ಮಾಡಿಕೊಂಡರು. ಚಂದಾ ಕೊಟ್ಟವರಿಗೆ ಮಾತ್ರವೇ ಅಲ್ಲದೆ, ಆ ಹಾದಿಯಿಂದ ಶಾಲೆಯ ಹುಡುಗನಿಗೂ ಕೂಲಿಗಾರನಿಗೂ ಪ್ರಯೋಜನವಾಯಿತು.

ಇಷ್ಟರಲ್ಲಿ ಮೋಟಾರು ಗಾಡಿಯು ಬಂದಿತು. ಸೈಕಲ್ಲಿನ ಬೆಲೆ ಇಳಿದು ಅದು ದುಡಿಯುವವರ ವಾಹನವಾಗುತ್ತಿದ್ದ ಕಾಲಕ್ಕೆ ಸರಿಯಾಗಿ, ಸಿರಿವಂತರು ಸೈಕಲ್ಲನ್ನು ಬಿಟ್ಟು ಮೋಟಾರನ್ನು ಏರಿದರು. 1924ರಲ್ಲಿ ಡಚ್ ಸರಕಾರವು ಪ್ರತಿಯೊಂದು ಸೈಕಲ್ಲಿನ ಮೇಲೆ ವರ್ಷಕ್ಕೆ 3 ಗಿಲ್ಡರುಗಳ ತೆರಿಗೆಯನ್ನು ಹಾಕಿತು. ತೆರಿಗೆ ಕೊಟ್ಟುದರ ಗುರುತಾಗಿ ಲೋಹದ ಬಿಲ್ಲೆಯೊಂದನ್ನು ಸೈಕಲ್ಲಿಗೆ ಕಟ್ಟಿಕೊಳ್ಳಬೇಕಾಗಿತ್ತು. ಬಡವರಿಗೆ ಬಿಲ್ಲೆಯನ್ನು ಬಿಟ್ಟಿಯಾಗಿ ಕೊಡುತ್ತಿದ್ದರು. ಆದರೆ ಅದರಲ್ಲಿ ಒಂದು ತೂತನ್ನು ಕೊರೆಯುತ್ತಿದ್ದರು. ಬಿಲ್ಲೆಯನ್ನು ಕಂಡವರಿಗೆಲ್ಲ ಸವಾರನ ಬಡತನವೂ ಕಾಣುತ್ತಿತ್ತು. ಈ ತೆರಿಗೆಯ ಹಣವು ಮುಂದೆ ರಸ್ತೆಯ ನಿಧಿಗೆ ಸೇರುತ್ತ, ಮೋಟಾರುಗಳು ಓಡಾಡುವ ಹೆದ್ದಾರಿಗಳಿಗೂ ವೆಚ್ಚವಾಯಿತು. ಸೈಕಲ್ ಹಾದಿಗಳೂ ಹೆಚ್ಚಿದವು ನಿಜ. ಆದರೆ ಅವುಗಳ ಉದ್ದೇಶದಲ್ಲಿ ಒಂದು ಬದಲಾವಣೆಯಾಗಿತ್ತು. ಮೋಟಾರಿನವರ ವೇಗಕ್ಕೆ ಅಡ್ಡವಾಗದಂತೆ ಸೈಕಲ್ಲಿನವರನ್ನು ಪಕ್ಕಕ್ಕೆ ಸರಿಸುವುದೂ ಈಗ ಹಾದಿಯ ಒಂದು ಕೆಲಸವಾಯಿತು.

ಈ ಭಾವವು ಹಾಲೆಂಡಿಗೇ ಮೀಸಲಾಗಿರಲಿಲ್ಲ. ಜರ್ಮನಿಯಲ್ಲಿ 1934ರ ಕಾಯಿದೆಯು, ಹಾದಿಯಿರುವ ಕಡೆ ಸೈಕಲ್ಲಿನವನು ಅದನ್ನೇ ಹಿಡಿಯತಕ್ಕದ್ದೆಂದು ಕಡ್ಡಾಯ ಮಾಡಿತು. ಅದೇ ವರ್ಷ ಇಂಗ್ಲೆಂಡಿನ ಸಾರಿಗೆ ಮಂತ್ರಿಯಾದ ಹೋರ್ ಬೆಲಿಷಾ ಅವರು ಲಂಡನ್ನಿನ ಪಶ್ಚಿಮದ ಹೆದ್ದಾರಿಯ ಬದಿಯಲ್ಲಿ ಹೊಸ ಸೈಕಲ್ ಹಾದಿಯೊಂದನ್ನು ತೆರೆದಾಗ ಅದನ್ನು ವಿರೋಧಿಸಿದವರು ಸೈಕಲ್ ಸವಾರರ ಸಂಘದವರೇ. ರಾಜಮಾರ್ಗದ ಮೇಲೆ ತಮಗಿರುವ ಹಕ್ಕನ್ನು ಕಸಿದುಕೊಂಡು, ಅದಕ್ಕೆ ಪ್ರತಿಯಾಗಿ ಓಣಿಯೊಂದನ್ನು ಕೊಡುತ್ತಿದ್ದಾರೆಂದು ಅವರು ಶಂಕಿಸಿದರು. ಈ ಶಂಕೆಯನ್ನು ಹಟವೆಂದು ತಳ್ಳಿಹಾಕುವಂತಿಲ್ಲ. ಅತಿಥಿಗೆ ಬೇರೆ ಮಣೆಯನ್ನು ಹಾಕುವುದು ಗೌರವಕ್ಕಾಗಿಯೂ ಆಗಬಹುದು, ದೂರವಿಡುವುದಕ್ಕಾಗಿಯೂ ಆಗಬಹುದು; ಮಣೆಯನ್ನು ನೋಡಿ ಇದನ್ನು ತಿಳಿಯುವಂತಿಲ್ಲ, ಹಾಕಿದವರ ಮನಸ್ಸನ್ನು ನೋಡಿ ತಿಳಿಯಬೇಕು.

1940ರಲ್ಲಿ ಜರ್ಮನರು ಹಾಲೆಂಡನ್ನು ಆಕ್ರಮಿಸಿದರು. ಮರುವರ್ಷ ಸೈಕಲ್ ತೆರಿಗೆಯು ರದ್ದಾಯಿತು; ಆದರೆ 1942ರಿಂದ ಸೈಕಲ್ಲುಗಳನ್ನೇ ಜಪ್ತಿಮಾಡತೊಡಗಿದರು. ಅದೇ ವರ್ಷ ರಾಟರ್‌ಡಾಮಿನಲ್ಲಿ ಮಾಸ್ ನದಿಯ ಕೆಳಗಿನ ಸುರಂಗವು ತೆರೆಯಿತು. ಅದರಲ್ಲಿ ಮೋಟಾರುಗಳ ದಾರಿಯಿಂದ ಬೇರೆಯಾಗಿ ಸೈಕಲ್ ಸವಾರರಿಗೆಂದೇ ಒಂದು ಕೊಳವೆಯನ್ನೂ ಚಲಿಸುವ ಮೆಟ್ಟಿಲುಗಳನ್ನೂ ಕಲ್ಪಿಸಿದ್ದರು. 1944-45ರ ಕ್ಷಾಮದ ಚಳಿಗಾಲದಲ್ಲಿ ನಗರದ ಜನರು ರಬ್ಬರು ಸಿಕ್ಕದೆ ಮರದ ಪಟ್ಟಿಗಳನ್ನು ಚಕ್ರಕ್ಕೆ ಕಟ್ಟಿಕೊಂಡು, ಅಡಗಿಸಿಟ್ಟಿದ್ದ ಹಳೆಯ ಸೈಕಲ್ಲುಗಳ ಮೇಲೆ ಹಳ್ಳಿಹಳ್ಳಿಗೆ ಹೋಗಿ ಆಲೂಗಡ್ಡೆಯನ್ನೂ ಧಾನ್ಯವನ್ನೂ ಬೇಡಿ ತಂದರು. ಕಸಿದುಕೊಂಡು ಹೋದ ಸೈಕಲ್ಲಿನ ನೆನಪು ಡಚ್ಚರಲ್ಲಿ ಬಹುಕಾಲ ಮಾಸದೆ ಉಳಿಯಿತು.

ಆದರೆ ಆಪತ್ಕಾಲದ ಬಂಧುವನ್ನು ಸಂಪತ್ಕಾಲದಲ್ಲಿ ಮರೆಯುವುದು ಲೋಕದ ರೂಢಿ. ಯುದ್ಧಾನಂತರ ದೇಶಕ್ಕೆ ಐಶ್ವರ್ಯವು ಬಂದಂತೆಲ್ಲ ಮನೆಮನೆಗೂ ಮೋಟಾರು ಬಂದಿತು. 1954ರಲ್ಲಿ ಆಮ್‌ಸ್ಟರ್‌ಡಾಮಿನ ಪೊಲೀಸು ಮುಖ್ಯಾಧಿಕಾರಿಯಾದ ಕಾಸ್ಯಾಗರ್ ಎಂಬವರು ನಗರದ ಹಳೆಯ ಕಾಲುವೆಗಳನ್ನು ಮುಚ್ಚಿ ರಸ್ತೆಮಾಡಬೇಕೆಂದು ಸೂಚಿಸಿದರು. 1967ರಲ್ಲಿ ಯೋಕಿನೆನ್ ಎಂಬ ಅಮೆರಿಕದ ತಜ್ಞರ ಯೋಜನೆಯು, ದುಡಿಯುವ ಜನರ ಕೇರಿಗಳನ್ನು ಕೆಡವಿ ಹೆದ್ದಾರಿಯನ್ನು ಊರೊಳಕ್ಕೆ ತರಬೇಕೆಂದಿತು. ಈ ಎರಡೂ ಕೈಗೂಡಲಿಲ್ಲವಾದರೂ ಕಾಲದ ಒಲವು ಎತ್ತ ಕಡೆಗಿತ್ತೆಂಬುದನ್ನು ಅವು ತೋರಿಸುತ್ತವೆ. 1965ರಲ್ಲಿ 'ಪ್ರೋವೋ' ಎಂಬ ತರುಣರ ಗುಂಪು ಕೆಲವು ಸೈಕಲ್ಲುಗಳಿಗೆ ಬಿಳಿಯ ಬಣ್ಣ ಬಳಿದು, 'ಯಾರು ಬೇಕಾದರೂ ಉಪಯೋಗಿಸಲಿ' ಎಂದು ಬೀದಿಯಲ್ಲಿರಿಸಿತು. ಬೀಗವಿಲ್ಲದ ಸೈಕಲ್ಲು ಕಳ್ಳರನ್ನು ಆಕರ್ಷಿಸುತ್ತದೆಂಬ ಕಾರಣವನ್ನೊಡ್ಡಿ ಪೊಲೀಸರು ಅವುಗಳನ್ನು ಹಿಡಿದುಕೊಂಡು ಹೋದರು. ಅಂದು ಅದು ಹುಡುಗಾಟವಾಗಿ ಕಂಡಿತು.

ಹುಡುಗಾಟವಲ್ಲದ ಸಂಗತಿಯು ಬೇರೆ ನಡೆಯುತ್ತಿತ್ತು. 1971ರ ಒಂದೇ ವರ್ಷದಲ್ಲಿ ಆ ದೇಶದ ರಸ್ತೆಗಳ ಮೇಲೆ 3,000ಕ್ಕೂ ಮಿಕ್ಕು ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಶಾಲೆಗೆ ಹೊರಟ ಮಗು ಸಂಜೆ ಮನೆಗೆ ಬರುವುದೆಂಬ ನೆಚ್ಚಿಕೆಯೇ ತಾಯಿತಂದೆಗಳಿಗೆ ತಪ್ಪಿಹೋಯಿತು. ಹೀಗೆ ತಮ್ಮ ಚಿಕ್ಕ ಮಗಳನ್ನು ಕಳೆದುಕೊಂಡ ಫಿಕ್ ಲಾಂಗೆನ್‌ಹೋಫ್ ಎಂಬ ಪತ್ರಿಕೋದ್ಯೋಗಿಗಳು 1972ರಲ್ಲಿ 'ದೆ ತೈಡ್' ಪತ್ರಿಕೆಯಲ್ಲಿ ಒಂದು ಲೇಖನವನ್ನು ಬರೆದರು. ಅದರ ತಲೆಬರಹದಿಂದಲೇ ಒಂದು ಚಳವಳಿಯು ಹೆಸರನ್ನು ಪಡೆಯಿತು: 'ಮಕ್ಕಳ ಕೊಲೆಯನ್ನು ನಿಲ್ಲಿಸಿರಿ.' ಅದುವರೆಗೆ ಇಂಥ ಸಾವುಗಳನ್ನು ಅಪಘಾತವೆಂದು ಕರೆಯುತ್ತಿದ್ದರು. ಅಪಘಾತವೆಂದರೆ ವಿಧಿ, ವಿಧಿಗೆ ಮದ್ದಿಲ್ಲ. ಕೊಲೆಯೆಂದ ಕೂಡಲೇ ಹೊಣೆಗಾರರು ಯಾರೆಂಬ ಪ್ರಶ್ನೆಯು ಏಳುತ್ತದೆ. ಒಂದು ಶಬ್ದದ ಬದಲಾವಣೆಯಿಂದ ಕೆಲಸವು ವಿಧಿಯ ಕೈಯಿಂದ ಪುರಸಭೆಯ ಕೈಗೆ ಬಂದಿತು.

ಅದೇ ವರ್ಷ ಆಮ್‌ಸ್ಟರ್‌ಡಾಮಿನ ಡೆ ಪೈಪ್ ಎಂಬ ಇಕ್ಕಟ್ಟಾದ ಕೇರಿಯ ಶಾಲಾಬಾಲಕರು ಆಡುವುದಕ್ಕೆ ಎಡೆಯಿಲ್ಲವೆಂದು ತಮ್ಮ ಬೀದಿಗೆ ತಾವೇ ಅಡ್ಡಗಟ್ಟಿದರು. ಇದನ್ನು ದೂರದರ್ಶನದಲ್ಲಿ ಇಡೀ ದೇಶವು ನೋಡಿತು. ಅಷ್ಟರಲ್ಲಿ 1973ರ ಅಕ್ಟೋಬರಿನ ಪಶ್ಚಿಮ ಏಷ್ಯದ ಯುದ್ಧದಿಂದಾಗಿ ಅರಬ್ ರಾಷ್ಟ್ರಗಳು ಹಾಲೆಂಡಿಗೆ ಎಣ್ಣೆ ಮಾರುವುದನ್ನು ನಿಲ್ಲಿಸಿದವು. 1973ರ ನವೆಂಬರು 4ರಿಂದ 1974ರ ಜನವರಿ 6ರ ವರೆಗೆ ಭಾನುವಾರಗಳಲ್ಲಿ ಖಾಸಗಿ ಮೋಟಾರುಗಳ ಸಂಚಾರವು ನಿಷಿದ್ಧವಾಯಿತು. ಹೆದ್ದಾರಿಗಳ ಮೇಲೆ ಮಕ್ಕಳು ಚಕ್ರದ ಪಾದುಕೆಗಳನ್ನು ಕಟ್ಟಿಕೊಂಡು ಓಡಿದರು. ಮುದುಕರು ಸೈಕಲ್ಲನ್ನು ಹೊರತೆಗೆದರು. ಬೇರೆ ಬಗೆಯ ಊರು ಹೇಗಿರಬಹುದೆಂಬುದನ್ನು ಯಾವ ಭಾಷಣವೂ ತೋರಿಸಲಾರದಷ್ಟು ಸ್ಪಷ್ಟವಾಗಿ ಆ ಭಾನುವಾರಗಳು ತೋರಿಸಿದವು.

1975ರಲ್ಲಿ ಸೈಕಲ್ ಸವಾರರ ಹೊಸ ಸಂಘವೊಂದು ಹುಟ್ಟಿತು. ಹಳೆಯ ಸಂಘವು ಅಷ್ಟರಲ್ಲಿ ಮೋಟಾರಿನವರ ಸಂಘವೇ ಆಗಿಬಿಟ್ಟಿತ್ತು. ಆದುದರಿಂದ ಹೊಸಬರು ತಮ್ಮ ಹೆಸರಿಗೆ 'ನಿಜವಾದ' ಎಂಬ ವಿಶೇಷಣವನ್ನು ಸೇರಿಸಿಕೊಂಡರು. ಊರೂರಿನ ಶಾಖೆಗಳವರು ಯಾವ ತಿರುವು ಅಪಾಯಕರ, ಯಾವ ಸೇತುವೆ ಇಕ್ಕಟ್ಟು ಎಂಬುದನ್ನು ಗುರುತುಹಾಕಿಕೊಂಡು ಪುರಸಭೆಗಳ ಮುಂದಿಟ್ಟರು. ಆಮ್‌ಸ್ಟರ್‌ಡಾಮಿನಲ್ಲಿ ಸಾವಿರಾರು ಜನರು ಸೈಕಲ್ ಮೆರವಣಿಗೆಗಳನ್ನು ನಡೆಸಿದರು.

ಸರಕಾರವು ಮಣಿದು, ಮೊದಲು ಟಿಲ್ಬರ್ಗ್ ಮತ್ತು ಹೇಗ್ ನಗರಗಳಲ್ಲಿ ಒಂದೊಂದು ಮಾದರಿಯ ಹಾದಿಯನ್ನು ಹಾಕಿಸಿತು. ಹೇಗ್ ನಗರದ ಅಂಗಡಿಕಾರರು ವ್ಯಾಪಾರವು ಕೆಡುವುದೆಂದು ಕೂಗೆಬ್ಬಿಸಿದರು. ಹಾದಿಗಳು ಅಂದವಾಗಿದ್ದವು, ಅವುಗಳ ಮೇಲೆ ಸವಾರರೂ ಹೆಚ್ಚಿದರು. ಆದರೆ ಹೆಚ್ಚಿದವರಲ್ಲಿ ಅನೇಕರು ಪಕ್ಕದ ಬೀದಿಗಳನ್ನು ಬಿಟ್ಟು ಬಂದವರೇ ಹೊರತು ಹೊಸಬರಲ್ಲ. ನಡುವೆ ಒಂದು ಉತ್ತಮವಾದ ಹಾದಿಯಿದ್ದು ಅದರ ಎರಡು ಕೊನೆಗಳಲ್ಲಿಯೂ ಅಪಾಯವಿದ್ದರೆ, ತಾಯಿಯು ಮಗುವನ್ನು ಸೈಕಲ್ಲಿನಲ್ಲಿ ಕಳುಹಿಸಲಾರಳೆಂಬುದು ಆಗ ಅಧಿಕಾರಿಗಳಿಗೆ ಮನದಟ್ಟಾಯಿತು. ಈ ಪಾಠದ ಮೇಲೆ ಡೆಲ್ಫ್ಟ್ ನಗರದಲ್ಲಿ ಹೊಸ ಕ್ರಮವನ್ನು ಹಿಡಿದರು. 1980ರ ದಶಕದಲ್ಲಿ ಅಲ್ಲಿ ಒಂದು ಹಾದಿಗೆ ಬದಲಾಗಿ ಹಾದಿಗಳ ಬಲೆಯನ್ನೇ ನೇಯ್ದರು. ಇಡೀ ನಗರವನ್ನು ಹಾಯುವ ದೊಡ್ಡ ಹಾದಿಗಳು, ಅವುಗಳ ನಡುವೆ ಬಡಾವಣೆಯ ಹಾದಿಗಳು, ಅವಕ್ಕೆ ಸೇರುವ ಕೇರಿಯ ಸಣ್ಣ ಹಾದಿಗಳು - ಹೀಗೆ ಮೂರು ಅಂತಸ್ತುಗಳು. ಕಾಲುವೆಯು ಅಡ್ಡಬಂದಲ್ಲಿ ಸೇತುವೆ, ರೈಲುದಾರಿ ಅಡ್ಡಬಂದಲ್ಲಿ ಸುರಂಗ. ದೊಡ್ಡ ನಾಲೆ, ಕೈಗಾಲುವೆ, ಬಚ್ಚಲುಗಾಲುವೆಗಳನ್ನು ಬಲ್ಲ ಯಾವ ಒಕ್ಕಲಿಗನಿಗಾದರೂ ಈ ತತ್ತ್ವವು ಹೊಸದಲ್ಲ: ನೀರು ಗದ್ದೆಯ ವರೆಗೆ ಹರಿಯದಿದ್ದರೆ ಅಣೆಕಟ್ಟಿನಿಂದ ಫಲವೇನು?

ಯುಟ್ರೆಕ್ಟ್ ಬಳಿಯ ಹೌಟೆನ್ ಎಂಬ ಹಳ್ಳಿಯು ದೊಡ್ಡ ಊರಾಗಿ ಬೆಳೆದಾಗ ಈ ವಿಚಾರವನ್ನು ಇನ್ನೂ ಮುಂದಕ್ಕೆ ಕೊಂಡೊಯ್ದರು. ಅಲ್ಲಿ ಒಂದು ಕೇರಿಯಿಂದ ಇನ್ನೊಂದು ಕೇರಿಗೆ ಮೋಟಾರಿನವನು ಹೊರವರ್ತುಲದ ರಸ್ತೆಗೆ ಹೋಗಿ ಸುತ್ತಿಬರಬೇಕು. ಸೈಕಲ್ಲಿನವನು ಊರ ನಡುವೆ ನೇರವಾಗಿ ಹೋಗಬಹುದು. ಪಕ್ಕಕ್ಕೆ ಸರಿಯಬೇಕಾದವರು ಯಾರೆಂಬ ಹಳೆಯ ಪ್ರಶ್ನೆಗೆ ಇಲ್ಲಿ ಉತ್ತರವು ತಲೆಕೆಳಗಾಯಿತು. 2019ರಲ್ಲಿ ಯುಟ್ರೆಕ್ಟಿನ ರೈಲುನಿಲ್ದಾಣದ ಕೆಳಗೆ 12,500 ಸೈಕಲ್ಲುಗಳನ್ನು ನಿಲ್ಲಿಸುವ ಶಾಲೆಯು ಪೂರ್ತಿಯಾಯಿತು.

ಇದರ ಫಲವೇನೆಂಬುದಕ್ಕೆ ಒಂದು ಲೆಕ್ಕವು ಸಾಕು. 1971ರಲ್ಲಿ 400ಕ್ಕೂ ಮಿಕ್ಕಿದ್ದ ಮಕ್ಕಳ ಸಾವು 2010ರಲ್ಲಿ 14ಕ್ಕೆ ಇಳಿದಿತ್ತು. ಇದಕ್ಕೆ ವೈದ್ಯಶಾಸ್ತ್ರದ ಮುನ್ನಡೆಯೂ ವೇಗದ ಮಿತಿಯೂ ಕಾರಣವಾಗಿವೆ. ಹಾದಿಗಳೊಂದರಿಂದಲೇ ಆಯಿತೆನ್ನುವುದು ಅತಿಶಯೋಕ್ತಿಯಾದೀತು. ಕೆಲಸವು ಮುಗಿಯಿತೆನ್ನುವಂತೆಯೂ ಇಲ್ಲ. 2017ರಲ್ಲಿ ಆ ದೇಶದಲ್ಲಿ ಮೋಟಾರಿನೊಳಗೆ ಸತ್ತವರಿಗಿಂತ ಸೈಕಲ್ಲಿನ ಮೇಲೆ ಸತ್ತವರೇ ಹೆಚ್ಚಾಗಿದ್ದರು. ಅವರಲ್ಲಿ ವಿದ್ಯುತ್ ಸೈಕಲ್ಲನ್ನು ಏರಿದ ವೃದ್ಧರೂ ಅನೇಕರಿದ್ದರು. ಮಕ್ಕಳಿಗಾಗಿ ಎಚ್ಚೆತ್ತ ನಾಡು ಈಗ ಮುದುಕರಿಗಾಗಿಯೂ ಎಚ್ಚರವಾಗಿರಬೇಕಾಗಿದೆ.

ಪೊಲೀಸರು ಹಿಡಿದುಕೊಂಡು ಹೋದ ಆ ಬಿಳಿಯ ಸೈಕಲ್ಲಿನ ವಿಚಾರವೂ ಸಾಯಲಿಲ್ಲ. ಅದು ದೇಶದಿಂದ ದೇಶಕ್ಕೆ ರೂಪಾಂತರ ಹೊಂದುತ್ತ ಬಂದು, 2017ರಲ್ಲಿ ಮೈಸೂರಿನಲ್ಲಿ 'ಟ್ರಿಣ್ ಟ್ರಿಣ್' ಎಂಬ ಹೆಸರಿನಿಂದ ಸುಮಾರು 450 ಸಾರ್ವಜನಿಕ ಸೈಕಲ್ಲುಗಳಾಗಿ ಕಾಣಿಸಿಕೊಂಡಿತು. ಸೈಕಲ್ಲನ್ನು ಕೊಡುವುದು ಮೊದಲ ಹೆಜ್ಜೆ. ಅದು ನಿರ್ಭಯವಾಗಿ ಹೋಗಿಬರಲು ಹಾದಿಯನ್ನು ಕೊಡುವುದು ಎರಡನೆಯದು. ಡಚ್ಚರು ವಿಹಾರಕ್ಕಾಗಿ ಹಾದಿಯನ್ನು ಕಟ್ಟಿದರು, ಮೋಟಾರಿನ ಅನುಕೂಲಕ್ಕಾಗಿ ಕಟ್ಟಿದರು, ಕಡೆಗೆ ಮಕ್ಕಳ ಪ್ರಾಣಕ್ಕಾಗಿ ಕಟ್ಟಿದರು. ಮೂರನೆಯ ಉದ್ದೇಶವು ಸ್ಥಿರವಾದ ಮೇಲೆಯೇ ಹಾದಿಗಳು ಒಂದಕ್ಕೊಂದು ಕೂಡಿಕೊಂಡು, ಹೊರಟವರನ್ನು ಮನೆಗೆ ಮುಟ್ಟಿಸುವಂಥವಾದವು.